ನಮ್ಮನೆಯ ಅರ್ಥಿಂಗ್

ಹೊಸನಗರದಲ್ಲಿ ನಾನು ವಿಮೆ ಏಜೆಂಟ್. ಬೇರೆಯವರ ಜಗುಲಿಯಲ್ಲಿ ಕೂತು, ಅವರೇ ಕೊಟ್ಟ ಕಾಫಿ ಕುಡಿಯುತ್ತ, ನಾಳೆ ಬೆಳಿಗ್ಗೆ ಅವರು ಏಳದೇ ಹೋದರೆ ಹೆಂಡತಿ ಮಕ್ಕಳ ಪಾಡೇನು ಎಂದು ಅವರಿಗೇ ವಿವರಿಸುವುದು ನನ್ನ ಕೆಲಸ. ಮಾರುವ ಸರಕು ಮೊದಲು ಮಾರುವವನ ಮನೆಯಲ್ಲಿರಬೇಕು. ಭಯದ ವಿಷಯದಲ್ಲಿ ನನ್ನದು ಗೋದಾಮು. ಸಾಗರಕ್ಕೆ ಹೊರಟವನು ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯ ಬಟ್ಟೆಮಲ್ಲಪ್ಪದಿಂದ ವಾಪಸು ಬಂದದ್ದುಂಟು. ಬಂದು ನೋಡಿದರೆ ಬಂದ್ ಆಗಿಯೇ ಇರುತ್ತದೆ. ಅದರಿಂದ ಸಮಾಧಾನವಾಗುವ ಬದಲು, ಅಷ್ಟು ಹೊತ್ತಿಗೆ ಇಸ್ತ್ರಿ ಪೆಟ್ಟಿಗೆಯ ಯೋಚನೆ ಹತ್ತಿಕೊಳ್ಳುತ್ತದೆ.

ಇಂಥವನು ಎಲೆಕ್ಟ್ರಿಕ್ ಕಾರು ಕೊಂಡೆ. ಒಂದು ದಿನ ಸಾಗರ, ಒಂದು ದಿನ ತೀರ್ಥಹಳ್ಳಿ, ನಡುವೆ ನಗರ ಎಂಬ ಊರು, ಹುಲಿಕಲ್ ಎಂದು ತಿರುಗುವವನಿಗೆ ಪೆಟ್ರೋಲು ಹಾಕಿಸಿ ಸಾಕಾಗಿತ್ತು. ಕಾರು ಆರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೆಂಡತಿ ಬಣ್ಣ ಹೇಳಿದಳು, ಮುಗಿಯಿತು. ಮನೆಯಲ್ಲಿ ಅದಕ್ಕೆ ಕರೆಂಟು ಕೊಡುವುದು ಹೇಗೆ ಎನ್ನುವುದಕ್ಕೆ, ಕಾರು ಮನೆಗೆ ಬರುವ ಮೊದಲೇ, ಆರು ತಿಂಗಳು ತೆಗೆದುಕೊಂಡೆ. ಕಾರಿನ ಜೊತೆ ಬರುವ ವೈರನ್ನು ಹದಿನೈದು ಆಂಪಿನ ಪ್ಲಗ್ಗಿಗೆ ಸಿಕ್ಕಿಸಿದರೆ ಸಂಜೆ ಹಾಕಿದ್ದು ಬೆಳಿಗ್ಗೆ ತುಂಬುತ್ತದೆ, ಅದೂ ಕರೆಂಟು ಇಡೀ ರಾತ್ರಿ ಇದ್ದರೆ. ಗೋಡೆಗೆ ಹಾಕುವ ದೊಡ್ಡ ಚಾರ್ಜರ್ ಆದರೆ ಅರ್ಧ ಹೊತ್ತು ಸಾಕು, ಆದರೆ ಮನೆಗೆ ಮಂಜೂರಾದ ಲೋಡ್ ಸಾಲದು, ಕರೆಂಟ್ ಆಫೀಸಿಗೆ ಅರ್ಜಿ ಕೊಡಬೇಕು. ಪ್ಲಗ್ಗು ಬಿಸಿಯಾಗಿ ಕರಗಿದರೆ? ಮಳೆಗಾಲದಲ್ಲಿ ವೋಲ್ಟೇಜು ಬಿದ್ದರೆ? ಸಿಡಿಲು ಬಂದರೆ ಓಡಿ ಹೋಗಿ ವೈರು ಕೀಳಬೇಕೋ, ಕೀಳುವ ಹೊತ್ತಿಗೇ ಸಿಡಿಲು ಬಂದರೋ? ಒಂದು ನೂರು ಪುಟದ ಪುಸ್ತಕದಲ್ಲಿ ಎಡಗಡೆ ಪ್ಲಗ್ಗು, ಬಲಗಡೆ ಗೋಡೆ ಚಾರ್ಜರ್ ಎಂದು ಗೆರೆ ಎಳೆದು ಬರೆಯುತ್ತಾ ಹೋದೆ.

"ನಮ್ಮ ಮದುವೆ ಮಾತುಕತೆ ಎರಡು ಭಾನುವಾರದಲ್ಲಿ ಮುಗ್ದಿತ್ತು" ಎಂದಳು ಹೆಂಡತಿ. "ಆಗ ಈ ಪುಸ್ತಕ ಇರ್ಲಿಲ್ವಾ?"

"ಇದ್ದಿದ್ರೆ ಎಂತ ಮಾಡ್ತಿದ್ದೆ?"

"ಬಲಗಡೆ ಯಾರಿದ್ರು ಅಂತ ನೋಡ್ತಿದ್ದೆ."

ಅವಳು ನಗರದ ಶಾಲೆಯಲ್ಲಿ ಟೀಚರ್. ನನ್ನನ್ನೂ ಹಿಂದಿನ ಬೆಂಚಿನವನಂತೆ ನೋಡುವುದು ರೂಢಿಯಾಗಿಬಿಟ್ಟಿದೆ.

ಕೊನೆಗೆ ಗೋಡೆ ಚಾರ್ಜರ್ ಎಂದೇ ತೀರ್ಮಾನಿಸಿ, ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಂಡೆ. ಅಂಗಳದಲ್ಲಿ ಕಾರು ತಿರುಗಲು ಜಾಗ ಸಾಲದು ಎನ್ನಿಸಿ, ನಡುವೆ ಇದ್ದ ತುಳಸಿಕಟ್ಟೆಯನ್ನು ಪೂಜೆ ಮಾಡಿಸಿ ಹಿತ್ತಲಿಗೆ ಸಾಗಿಸಿದೆ. ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದೆ. ಅದಾಗಿ ತಿಂಗಳಿಗೆ, ಕಾರು ಮಾರಿದ ಶಿವಮೊಗ್ಗದ ಅಂಗಡಿಯವರು ಚಾರ್ಜರ್ ಹಾಕಲು ತಮ್ಮ ಟೆಕ್ನಿಷಿಯನ್‌ನನ್ನು ಕಳಿಸಿದರು.

ಈ ಮನೆ ಕಟ್ಟಿ ಇಪ್ಪತ್ತು ವರ್ಷ. ವೈರಿಂಗ್ ಮಾಡಿದ್ದು ನಮ್ಮೂರಿನ ಕರೆಂಟು ಮೇಸ್ತ್ರಿ. ಪೇಟೆಯ ಅರ್ಧ ಮನೆಗಳ ಗೋಡೆಯೊಳಗೆ ಎಲ್ಲಿ ಯಾವ ವೈರು ಹೋಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಮನುಷ್ಯ. ಈಗ ಮಂಡಿ ನೋವು, ಏಣಿ ಹತ್ತುವುದಿಲ್ಲ. ಹತ್ತುವವಳು ಅವರ ಮಗಳು. ಮೂವತ್ತು ದಾಟಿದವಳು, ಡಿಪ್ಲೊಮಾ ಓದಿ, ಪರೀಕ್ಷೆ ಬರೆದು, ತನ್ನ ಹೆಸರಿನಲ್ಲೇ ಲೈಸೆನ್ಸ್ ಮಾಡಿಸಿಕೊಂಡು ವರ್ಷವಾಗಿತ್ತು. ಆದರೂ ಹೆಂಗಸು ಏಣಿ ಹತ್ತಿ ಮಾಡಿದ ವೈರಿಂಗ್ ಎಂದರೆ ನಮ್ಮ ಜನಕ್ಕೆ ಒಂಥರಾ. ಫ್ಯಾನ್ ಸಿಕ್ಕಿಸಲು ಕರೆಯುತ್ತಿದ್ದರು, ಮನೆ ಒಪ್ಪಿಸುತ್ತಿರಲಿಲ್ಲ.

ಅದೇ ಸಮಯಕ್ಕೆ ನಮ್ಮ ಬಡಾವಣೆಯ ಸಮುದಾಯ ಭವನದ ಗೋಡೆಗಳು ಎದ್ದಿದ್ದವು. ಅದರ ವೈರಿಂಗನ್ನು ಅವಳಿಗೇ ಕೊಡುವುದೆಂದು ಕಮಿಟಿಯಲ್ಲಿ ಬಾಯಿಮಾತಿನ ಒಪ್ಪಿಗೆಯಾಗಿತ್ತು. ಮಗಳನ್ನು ನೋಡಿ ಕೊಟ್ಟದ್ದಲ್ಲ, ಮೇಸ್ತ್ರಿಯ ಹೆಸರು ನೋಡಿ. ಮುಂದಿನ ಭಾನುವಾರದ ಮೀಟಿಂಗಿನಲ್ಲಿ ಬರೆದುಕೊಂಡರೆ ಮುಗಿಯಿತು. ಬರೆಯುವವನು ನಾನೇ. ಅಕ್ಷರ ಚಂದವಿದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಭವನದಂಥ ಕೆಲಸ ಒಂದು ಮಾಡಿ ತೋರಿಸಿದರೆ ಆಮೇಲೆ ಮಗಳನ್ನು ಯಾರೂ ಬೇಡ ಎನ್ನುವುದಿಲ್ಲ ಎಂದು ಮೇಸ್ತ್ರಿ ಸಿಕ್ಕಿದಾಗಲೆಲ್ಲ ನನ್ನ ಹತ್ತಿರ ಹೇಳುತ್ತಿದ್ದರು. "ಅದೊಂದು ಆಗ್ಲಿ ಏಜೆಂಟ್ರೇ, ಆಮೇಲೆ ನಾನು ಎಲ್ಲಿ ಬೇಕಾರೂ ಕೂತ್ಕಂತೀನಿ."

ಶಿವಮೊಗ್ಗದ ಟೆಕ್ನಿಷಿಯನ್ ಬಂದ, ಮೀಟರ್ ಬೋರ್ಡಿಗೆ ತನ್ನ ಯಂತ್ರ ಹಚ್ಚಿದ, ಇನ್ನೊಮ್ಮೆ ಹಚ್ಚಿದ, ತಲೆ ಅಲ್ಲಾಡಿಸಿದ.

"ಸರ್, ನಿಮ್ಮನೇಲಿ ಅರ್ಥಿಂಗೇ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಲೀಕಾದ ಕರೆಂಟು ನೆಲಕ್ಕೆ ಇಳಿಯೋ ದಾರಿನೇ ಇಲ್ಲ. ಚಾರ್ಜರ್ ಹಾಕಿದ್ರೂ ಕೆಂಪು ಲೈಟೇ ಬರೋದು. ಕಾರು ಬಿಡಿ, ಇಂಥ ಮನೇಲಿ ಗೀಸರ್ ಹಾಕ್ಕೊಂಡು ಸ್ನಾನ ಮಾಡ್ತೀರಲ್ಲ, ದೊಡ್ಡ ಧೈರ್ಯ ನಿಮ್ಮದು."

ನನ್ನನ್ನು ಜನ್ಮದಲ್ಲಿ ಯಾರೂ ಧೈರ್ಯವಂತ ಎಂದಿರಲಿಲ್ಲ. ಅವನು ಚಾರ್ಜರನ್ನು ಗೋಡೆಗೆ ಕೂರಿಸಿ, ಅರ್ಥಿಂಗ್ ಮಾಡಿಸಿ ಆಮೇಲೆ ಹಚ್ಚಿಕೊಳ್ಳಿ ಎಂದು ಹೇಳಿ ಹೋದ. ನಾನು ಜಗುಲಿಯಲ್ಲಿ ಕೂತು ಇಪ್ಪತ್ತು ವರ್ಷದ ಸ್ನಾನಗಳನ್ನೆಲ್ಲ ನೆನೆಸಿಕೊಂಡು ಬೆವರಿದೆ. ಇಡೀ ಆಯುಷ್ಯ ಎಲ್ಲದಕ್ಕೂ ಹೆದರಿದ ನಾನು, ಹೆದರಲೇಬೇಕಾಗಿದ್ದ ಇದೊಂದನ್ನು ಬಿಟ್ಟುಬಿಟ್ಟಿದ್ದೆ. ಅವಮಾನವಾಯಿತು. ನನಗೆ ಅವಮಾನವಾದರೆ ಅದನ್ನು ಬೇಗ ಬೇರೆಯವರಿಗೆ ದಾಟಿಸಿಬಿಡಬೇಕು, ಇಟ್ಟುಕೊಂಡು ಗೊತ್ತಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದೆ. ಮೇಸ್ತ್ರಿ ಮಾಡಿದ ಮನೆಯಲ್ಲಿ ಅರ್ಥಿಂಗ್ ಇಲ್ಲ, ಇಪ್ಪತ್ತು ವರ್ಷ ನಾವು ಸಾವಿನ ಮೇಲೆ ಚಾಪೆ ಹಾಸಿ ಮಲಗಿದ್ದೆವು ಎಂದೆ. ಚಾಪೆಯ ಮಾತು ಕೇಳಿ ಕೈಯಲ್ಲಿದ್ದ ಇಡ್ಲಿ ಬಿಟ್ಟು ಜನ ನನ್ನ ಕಡೆ ತಿರುಗಿದರು.

"ಅರ್ಥಿಂಗ್ ಗುಂಡಿ ತೆಗೆಯಕ್ಕೂ ಸೋಮಾರಿತನ ಮಾಡಿದ್ರಾ ಮೇಸ್ತ್ರಿ?" ಎಂದರು ಹೋಟೆಲಿನವರು. "ಹಂಗಾದ್ರೆ ನೀವು ಬದುಕಿರೋದೇ ಹೆಚ್ಚು ಮಾರಾಯ್ರೆ. ನಿಮ್ಮ ಪಾಲಿಸಿ ನೀವು ಕಟ್ಟಿದ್ರಾ?"

ಎಲ್ಲರೂ ನಕ್ಕರು. ಮರುದಿನ ಸಾಗರದಲ್ಲಿ ಎರಡು ಕಡೆ ಹೇಳಿದೆ, ಗೀಸರಿನ ಭಾಗವನ್ನು ಸ್ವಲ್ಪ ಬೆಳೆಸಿ. ಅದರ ಮರುದಿನ ತೀರ್ಥಹಳ್ಳಿಯಲ್ಲಿ ಒಬ್ಬ ಗಿರಾಕಿ ನನಗೇ ಕತೆ ಹೇಳಿದ. ಹೊಸನಗರದಲ್ಲಿ ಯಾರದೋ ಮನೆಯಲ್ಲಿ ಅರ್ಥಿಂಗ್ ಇಲ್ಲದೆ ಕರು ಸತ್ತುಹೋಯಿತಂತೆ, ವೈರಿಂಗ್ ಮಾಡಿದವನ ಮಗಳಿಗೇ ಈಗ ಭವನದ ಕೆಲಸ ಕೊಡುತ್ತಾರಂತೆ. ನಮ್ಮಲ್ಲಿ ಕರು ಇರಲಿ, ಕೊಟ್ಟಿಗೆಯೂ ಇಲ್ಲ. "ಹೌದನಾ?" ಎಂದು ಕೇಳಿಸಿಕೊಂಡೆ. ಆಮೇಲೆ ಆ ಕರುವಿನ ಸಾವನ್ನೇ ಮುಂದಿಟ್ಟು ಅವನಿಗೊಂದು ಅಪಘಾತ ವಿಮೆ ಮಾಡಿಸಿದೆ.

ಮೂರನೇ ದಿನ ಮೇಸ್ತ್ರಿಯ ಮಗಳು ಬಂದಳು. ಸ್ಕೂಟರಿನ ಮುಂದೆ ಟೂಲ್ಸ್ ಚೀಲ.

"ಅಣ್ಣಾ, ಪೇಟೇಲಿ ಎಂತೆಂತದೋ ಹೇಳ್ತಿದಾರೆ. ಅಪ್ಪ ಸರಿಯಾಗಿ ಊಟನೂ ಮಾಡ್ತಿಲ್ಲ. ಒಂದ್ಸಲ ನಾನು ನೋಡ್ಲಾ?"

ನೋಡು ಎಂದೆ. ಹೆಂಡತಿ ಶಾಲೆಗೆ ಹೋಗಿದ್ದಳು. ಮೀಟರ್ ಬೋರ್ಡಿನಿಂದ ಗೋಡೆಗುಂಟ ಇಳಿದು ಬಂದ ಕಬ್ಬಿಣದ ಪಟ್ಟಿಯನ್ನು ಹಿಡಿದುಕೊಂಡೇ ಅವಳು ಅಂಗಳಕ್ಕೆ ಬಂದಳು. ಪಟ್ಟಿ ಟೈಲ್ಸಿನ ಅಡಿಗೆ ಹೋಗಿತ್ತು. ಸುತ್ತ ನೋಡಿದಳು.

"ತುಳಸಿಕಟ್ಟೆ ಎಲ್ಲಿ?"

"ಹಿತ್ತಲಿಗೆ ಹಾಕಿದ್ವಿ. ಕಾರು ತಿರುಗ್ತಿರ್ಲಿಲ್ಲ."

ಅವಳು ಅಲ್ಲೇ ಕೂತು ಒಂದು ಟೈಲ್ಸ್ ಎಬ್ಬಿಸಿದಳು. ಇನ್ನೆರಡು ಎಬ್ಬಿಸಿದಳು. ಮರಳು ಸರಿಸಿದಳು. ಪಟ್ಟಿಯ ತುದಿ ಕಂಡಿತು. ಮುರಿದದ್ದಲ್ಲ, ತುಕ್ಕು ತಿಂದದ್ದಲ್ಲ, ಗರಗಸದಲ್ಲಿ ನೇರ ಕತ್ತರಿಸಿದ್ದು. ಎರಡು ಗೇಣು ಆಚೆ ಅದರ ಇನ್ನೊಂದು ತುದಿ. ಅಲ್ಲಿಂದ ಕೆಳಗೆ ಅಗೆದರೆ ಇದ್ದಿಲು, ಉಪ್ಪು, ಅದರ ಬುಡದಲ್ಲಿ ತಾಮ್ರದ ಪ್ಲೇಟು. ಹಸಿರುಗಟ್ಟಿತ್ತು, ಬೋಲ್ಟು ಬಿಗಿಯಾಗಿತ್ತು.

"ಈ ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ನೀರು ನಿಲ್ಲಲ್ಲ ಅಣ್ಣ" ಎಂದಳು, ಕೈಯ ಮಣ್ಣು ಕೊಡವುತ್ತ. "ಅರ್ಥಿಂಗ್ ಗುಂಡಿ ಒಣಗಿದ್ರೆ ಕೆಲಸ ಮಾಡಲ್ಲ. ಬೇಸಿಗೇಲಿ ನೀರು ಹಾಕಿ ಅಂತ ಹೇಳಿದ್ರೆ ಯಾರೂ ಹಾಕಲ್ಲ. ಅದಕ್ಕೇ ಅಪ್ಪ ಎಲ್ಲರ ಮನೇಲೂ ತುಳಸಿ ಬುಡದಲ್ಲೇ ಗುಂಡಿ ತೆಗೆಯೋದು. ತುಳಸಿಗಾದ್ರೆ ದಿನಾ ಹಾಕ್ತಾರಲ್ಲ."

ಇಪ್ಪತ್ತು ವರ್ಷ ನನ್ನ ತಾಯಿ, ಆಮೇಲೆ ನನ್ನ ಹೆಂಡತಿ, ದಿನಾ ಬೆಳಿಗ್ಗೆ ತಂಬಿಗೆಯಲ್ಲಿ ನೀರು ತಂದು ನನ್ನ ಗೀಸರನ್ನು ಕಾಯ್ದಿದ್ದರು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೇರೆ. ಟೈಲ್ಸ್ ಹಾಕುವ ದಿನ ಕೆಲಸದವನು "ಸಾರ್, ಇಲ್ಲೊಂದು ಪಟ್ಟಿ ಅಡ್ಡ ಬಂದಿದೆ" ಎಂದು ಕರೆದಿದ್ದ. ಅಲ್ಲಿ ಉಬ್ಬಿ ನಿಂತರೆ ಹೊಸ ಕಾರಿನ ಹೊಟ್ಟೆ ಉಜ್ಜಬಹುದು ಎಂದು ನನಗೆ ಹೆದರಿಕೆಯಾಗಿತ್ತು. "ಎಂತದೋ ಹಳೇದು, ಕೊಯ್ದು ಬಿಸಾಕಿ" ಎಂದಿದ್ದೆ.

"ಯಾರು ಕೊಯ್ದಿದ್ದು ಅಣ್ಣ?"

"ಟೈಲ್ಸಿನವ್ರು."

"ನಿಮ್ಮನ್ನ ಕೇಳ್ಲಿಲ್ವಾ?"

ನಾನು ಹಿತ್ತಲ ಕಡೆ ನೋಡಿದೆ. ಅವಳು ಎರಡನೇ ಸಲ ಕೇಳಲಿಲ್ಲ. ಹೊಸ ಪಟ್ಟಿ ತಂದು ಎರಡು ತುದಿಗಳನ್ನೂ ಸೇರಿಸಿ ಬೋಲ್ಟು ಹಾಕಿದಳು, ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದಳು, ಯಂತ್ರ ಹಚ್ಚಿ ನೋಡಿದಳು. ಕಾರಿಗೆ ಚಾರ್ಜರ್ ಸಿಕ್ಕಿಸಿದೆ. ಹಸಿರು ಬಂತು. ಆಗ ಅವಳು ಟೈಲ್ಸ್ ಮುಚ್ಚುವ ಮೊದಲು ಜೇಬಿನಿಂದ ಫೋನು ತೆಗೆದಳು.

"ಒಂದು ಫೋಟೋ ತೆಕ್ಕಂತೀನಿ. ಕಮಿಟಿಯವ್ರಿಗೆ ತೋರ್ಸಕ್ಕೆ ಬೇಕಾಗತ್ತೆ."

ಕೊಯ್ದ ತುದಿಯ ಫೋಟೋ ಫೋನಿಂದ ಫೋನಿಗೆ ಹಾರಿ ಹೋಟೆಲು, ಸಾಗರ, ತೀರ್ಥಹಳ್ಳಿಯ ಕರು ಎಲ್ಲವನ್ನೂ ದಾಟಿ ಬರುವುದು ನನಗೆ ಆ ಕ್ಷಣವೇ ಕಂಡಿತು. ತನ್ನ ಮನೆಯ ಅರ್ಥಿಂಗ್ ತಾನೇ ಕೊಯ್ದುಕೊಂಡವನ ಹತ್ತಿರ ಯಾರು ವಿಮೆ ಮಾಡಿಸುತ್ತಾರೆ?

"ಫೋಟೋ ಬ್ಯಾಡ" ಎಂದೆ. "ನೀನು ತೋರ್ಸಿದ್ರೆ ಅಪ್ಪನ್ನ ಉಳಿಸಕ್ಕೆ ಮಾಡ್ತಿದಾಳೆ ಅಂತಾರೆ. ಭಾನುವಾರ ಮೀಟಿಂಗಲ್ಲಿ ನಾನೇ ಹೇಳ್ತೀನಿ. ಮನೆಯವನೇ ಹೇಳಿದ್ರೆ ತೂಕ. ಅಲ್ಲೀತಂಕ ಅಪ್ಪನಿಗೂ ಹೇಳ್ಬೇಡ, ಅವ್ರು ಖುಷಿಗೆ ಪೇಟೆ ಪೂರ್ತಿ ಹೇಳ್ಕಂಡು ಬರ್ತಾರೆ."

"ಹೇಳ್ತೀರಲ್ಲ ಅಣ್ಣ?"

"ಹೇಳ್ದೆ ಇರ್ತೀನಾ?"

ಅವಳು ಫೋನು ಜೇಬಿಗೆ ಹಾಕಿಕೊಂಡು ಟೈಲ್ಸ್ ಮುಚ್ಚಿದಳು. ಎಬ್ಬಿಸಿದ ಗುರುತೇ ಉಳಿಯದಂತೆ ಮುಚ್ಚಿದಳು. ಕೆಲಸ ಅಷ್ಟು ಅಚ್ಚುಕಟ್ಟು.

ಸಂಜೆ ಬಂದ ಹೆಂಡತಿ ಚಾರ್ಜರಿನ ಹಸಿರು ನೋಡಿ, ಅಂಗಳದ ಮೂಲೆಗೆ ಗುಡಿಸಿದ್ದ ಹಸಿ ಮರಳು ನೋಡಿ, ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ಮುಟ್ಟಿದಳು. ಅದು ತಿಂಗಳಿಂದೀಚೆ ಕೈಗೆ ಜುಮ್ ಎನ್ನುತ್ತಿತ್ತು. ಈಗ ಅನ್ನಲಿಲ್ಲ.

"ಇದು ಜುಮ್ ಅನ್ನಕ್ಕೆ ಶುರು ಮಾಡಿದ್ದು ಟೈಲ್ಸ್ ಹಾಕಿದ್ಮೇಲೆ" ಎಂದಳು. "ಹೋಟೆಲಲ್ಲಿ ಇಪ್ಪತ್ತು ವರ್ಷ ಅಂದ್ರಂತೆ. ಲೆಕ್ಕ ಯಾರು ಹೇಳ್ಕೊಟ್ರು?"

ಎಲ್ಲ ಹೇಳಿದೆ. ಅವಳ ಮುಂದೆ ಮುಚ್ಚಿಟ್ಟು ಅಭ್ಯಾಸವಿಲ್ಲ.

"ಭಾನುವಾರ ಹೇಳ್ತೀನಿ" ಎಂದೆ.

"ಹೇಳಿ ಬಂದ್ಮೇಲೆ ಹೇಳಿ" ಎಂದಳು.

ಭಾನುವಾರ ಭವನದ ಹೊಸ ಸಿಮೆಂಟಿನ ನೆಲದ ಮೇಲೆ ಕುರ್ಚಿ ಹಾಕಿಕೊಂಡು ಮೀಟಿಂಗು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಮೊದಲು ಬಾಗಿಲಿನ ವಿಷಯ, ಆಮೇಲೆ ಪಾಯಿಖಾನೆಯ ವಿಷಯ, ಆಮೇಲೆ ವೈರಿಂಗು. ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ನಗು ಬರುವ ಹಾಗೆ, ನನ್ನ ಮೇಲೆ ನಾನೇ ಹಾಸ್ಯ ಮಾಡಿಕೊಂಡು ಹೇಳಿಬಿಡುವುದು ಎಂದು. ಅಷ್ಟರಲ್ಲಿ ಇನ್ನೊಬ್ಬ ಮೆಂಬರು ಬಾಯಿ ಹಾಕಿದರು.

"ಅಪ್ಪನಿಗೇ ಗುಂಡಿ ತೆಗೆಯಕ್ಕೆ ನೆಲ ಸಿಕ್ಕಿಲ್ಲ, ಮಗಳು ಏಣಿ ಹತ್ತಿ ಎಂತ ಹುಡುಕ್ತಾಳೆ?"

ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು ಎಂದು ಗೊತ್ತಾಗುವ ಮೊದಲೇ ನಕ್ಕಾಗಿತ್ತು. ನಕ್ಕ ಮೇಲೆ ತಕ್ಷಣ ಎದ್ದು, ಪಟ್ಟಿ ಕೊಯ್ಸಿದ್ದು ನಾನೇ ಎನ್ನುವುದು ಹೇಗೆ?

"ಏಜೆಂಟ್ರೇ, ನಿಮ್ಮನೆ ವಿಷ್ಯ" ಎಂದರು ಅಧ್ಯಕ್ಷರು. "ಊರಲ್ಲಿ ನೂರು ಜನ ನೂರು ಮಾತಾಡ್ತಾರೆ. ನಡೆದಿದ್ದು ನೀವೇ ಹೇಳಿ, ಬರ್ಕಳಣ."

ಎಲ್ಲರೂ ನನ್ನ ಕಡೆ ತಿರುಗಿದರು. ಕೈಯಲ್ಲಿ ಪೆನ್ನಿತ್ತು. ಕತೆಯ ಬಾಕಿ ಅರ್ಧ ನನ್ನ ಬಾಯಲ್ಲಿತ್ತು. ನನ್ನ ಬಾಯಿಂದ ಬಂದದ್ದು ಇದು:

"ನಮ್ಮನೆ ವಿಷ್ಯಾನ ನಾನು ಇಲ್ಲಿ ತರಲ್ಲ. ಕಮಿಟಿ ಹೆಂಗೆ ಹೇಳತ್ತೋ ಹಂಗೆ."

ಅಧ್ಯಕ್ಷರು ಎಲ್ಲರ ಕಡೆ ಕೈ ತೋರಿಸಿದರು. "ನೋಡಿ, ದೊಡ್ಡತನ ಅಂದ್ರೆ ಇದು. ದುಡಿದು ತಿನ್ನೋರ ಹೆಸ್ರು ಕೆಡಿಸ್ಬಾರ್ದು ಅಂತ ಬಾಯೇ ಬಿಡ್ತಿಲ್ಲ. ಇನ್ನು ಕೇಳದು ಎಂತ ಉಂಟು?"

ಕೆಲಸ ಶಿವಮೊಗ್ಗದ ಒಬ್ಬ ಕಂಟ್ರಾಕ್ಟರಿಗೆ ಹೋಯಿತು. ಸುರಕ್ಷತೆಯ ದೃಷ್ಟಿಯಿಂದ ಎಂದು ನಡಾವಳಿ ಪುಸ್ತಕದಲ್ಲಿ ಬರೆದೆ. ಅಕ್ಷರ ಎಂದಿನಂತೆ ಚಂದವಾಗಿಯೇ ಬಂತು.

ಮನೆಗೆ ಬಂದಾಗ ಹೆಂಡತಿ ಕೇಳಲಿಲ್ಲ. ಮೇಸ್ತ್ರಿಯ ಮಗಳು ಫೋನು ಮಾಡಿ ಕೇಳಿದಳು.

"ಹೇಳಿದ್ರಾ ಅಣ್ಣ?"

"ಹೇಳ್ದೆ. ಅವ್ರು ಕೇಳ್ಬೇಕಲ್ಲ? ಮೊದಲೇ ತೀರ್ಮಾನ ಮಾಡ್ಕಂಡು ಬಂದಿದ್ರು."

ಆವತ್ತು ಫೋಟೋ ತೆಗೆದಿಟ್ಟುಕೊಳ್ಳಬೇಕಿತ್ತು ಎಂದಳು. ನನಗೆ ಹೆದರಿಕೆಯಾಯಿತು. ಹೆದರಿದಾಗ ನನ್ನ ತಲೆ ಬಹಳ ಚೆನ್ನಾಗಿ ಓಡುತ್ತದೆ. ಆ ಕಂಟ್ರಾಕ್ಟರಿಗೆ ಇಲ್ಲಿಯ ಜನ ಬೇಕು, ಅವನಿಗೆ ಹೇಳಿ ಭವನದಲ್ಲೇ ನಿನಗೆ ವೈರು ಎಳೆಯುವ ಕೆಲಸ ಕೊಡಿಸುತ್ತೇನೆ ಎಂದೆ. ಆದರೆ ಪಟ್ಟಿಯ ಮಾತು ಈಗ ಎತ್ತಿದರೆ ಕಮಿಟಿಯವರು ಹಠಕ್ಕೆ ಬಿದ್ದು ಅದನ್ನೂ ತಪ್ಪಿಸುತ್ತಾರೆ.

"ಅಪ್ಪನಿಗೆ?"

"ಅಪ್ಪನಿಗೆ ಗೊತ್ತಾದ್ರೆ ಸುಮ್ನಿರ್ತಾರಾ? ಭವನ ಮುಗೀಲಿ. ಆಮೇಲೆ ನಾನೇ ಬಂದು ಹೇಳ್ತೀನಿ."

"ಆತು ಅಣ್ಣ" ಎಂದಳು. ನಂಬಿದಳೋ, ನಂಬಿ ಏನಾಗಬೇಕು ಎಂದುಕೊಂಡಳೋ ಗೊತ್ತಿಲ್ಲ. ಹತ್ತು ದಿನದ ಮೇಲೆ ನಾನು ಕಾರಿನಲ್ಲಿ ಭವನದ ಮುಂದೆ ಹೋಗುವಾಗ, ತಾನೇ ಮಾಡಬೇಕಿದ್ದ ಕಟ್ಟಡದೊಳಗೆ ಅವಳು ಯಾರದೋ ಮಾತು ಕೇಳಿಕೊಂಡು ಗೋಡೆ ಕೊರೆಯುತ್ತಿದ್ದಳು. ತಲೆಯ ಮೇಲೆಲ್ಲ ಸಿಮೆಂಟಿನ ಧೂಳು. ಕಾರಿಗೆ ಸದ್ದಿಲ್ಲದ್ದರಿಂದ ತಿರುಗಿ ನೋಡಲಿಲ್ಲ. ಈ ಕಾರಿನ ಗುಣಗಳಲ್ಲಿ ಇದನ್ನು ನನ್ನ ಪುಸ್ತಕದಲ್ಲಿ ಬರೆದಿರಲಿಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ ಮೇಸ್ತ್ರಿ ಬಂದರು. ಗೇಟಿನಿಂದ ಜಗುಲಿಗೆ ಬರಲು ಎರಡು ಸಲ ನಿಂತರು. ಕೂರಿ ಎಂದರೆ ಕೂರಲಿಲ್ಲ. ನಾನು ಭವನದ ವಿಷಯ ತೆಗೆಯುತ್ತಾರೆ ಎಂದುಕೊಂಡೆ, ಅದಕ್ಕೆ ಉತ್ತರವನ್ನೂ ಇಟ್ಟುಕೊಂಡಿದ್ದೆ.

"ನನ್ನಿಂದ ನಿಮಗೆ ದೊಡ್ಡ ತಪ್ಪಾತು ಏಜೆಂಟ್ರೇ" ಎಂದರು. "ಹೆಣ್ಣುಮಕ್ಕಳಿರೋ ಮನೆ. ಎಂತಾರೂ ಆಗಿದ್ರೆ?"

ನಾನು ಕುರ್ಚಿಯನ್ನು ಅವರ ಹತ್ತಿರ ಸರಿಸಿದೆ.

"ಅಷ್ಟಾದ್ರೂ ಮಗಳಿಗೆ ಅಲ್ಲಿ ಕೆಲಸ ಕೊಡ್ಸಿದ್ರಿ. ಬೇರೆ ಯಾರಾಗಿದ್ರೂ ಮುಖ ನೋಡ್ತಿರ್ಲಿಲ್ಲ. ಈಗ ನಾನು ದಿನಾ ಎರಡು ಮನೆಗೆ ಹೋಗ್ತಿದೀನಿ, ನಾನು ವೈರಿಂಗ್ ಮಾಡಿದ ಮನೆಗಳಿಗೆ. ಗುಂಡಿ ತೆಗೆಸಿ ನೋಡೋದು. ಇನ್ನೆಲ್ಲಿ ತಪ್ಪು ಮಾಡಿದೀನೋ ಅಂತ ಹೆದ್ರಿಕೆ. ರಾತ್ರಿ ನಿದ್ದೆ ಬರಲ್ಲ. ಇಲ್ಲೀತಂಕ ನೋಡಿದ್ದು ಎಲ್ಲ ಸರಿ ಉಂಟು. ನಿಮ್ಮನೇದೊಂದೇ..." ಅಂಗಳದ ಕಡೆ ನೋಡಿದರು. ತುಳಸಿಕಟ್ಟೆ ಇದ್ದ ಜಾಗದಲ್ಲಿ ಕಾರು ನಿಂತಿತ್ತು. "ಪ್ಲೇಟಿಗೆ ಬೋಲ್ಟು ಹಾಕಿದ್ದು ನಂಗೆ ನೆನಪುಂಟು. ಕಣ್ಣಿಗೆ ಕಟ್ಟಿದ ಹಂಗೆ ಉಂಟು. ಆದ್ರೆ ವಯಸ್ಸಾತಲ್ಲ, ಹಾಕಿದ್ದೆ ಅಂತ ಈಗ ಅಂದ್ಕಣದೋ, ಆಗ ಹಾಕಿದ್ದೋ. ಮಗಳ ಹತ್ರ ಕೇಳಿದ್ರೆ ನೋಡ್ಲಿಲ್ಲ ಅಪ್ಪ ಅಂತಾಳೆ. ನೀವು ಇದ್ರಲ್ಲ ಏಜೆಂಟ್ರೇ, ಅವಳು ಗುಂಡಿ ತೆಗೆದು ಸರಿ ಮಾಡಿದಾಗ. ಬೋಲ್ಟು ಇತ್ತಾ?"

ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದು ಬೆನ್ನಿಗೆ ಗೊತ್ತಾಯಿತು.

ಹೌದು ಎಂದು ಒಂದು ಮಾತು ಅಂದರೆ, ಹಾಗಾದರೆ ತಪ್ಪಿದ್ದು ಎಲ್ಲಿ ಎಂದು ಅವರು ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ, ಕಸುಬಿನ ಮನುಷ್ಯ. ಅಲ್ಲಿಂದ ಮುಂದೆ ನನಗೆ ದಾರಿಯಿರಲಿಲ್ಲ.

"ನಾನು ಸರಿಯಾಗಿ ಗಮನಿಸ್ಲಿಲ್ಲ ಮೇಸ್ತ್ರಿ" ಎಂದೆ. "ಆಗಿದ್ದು ಆಗಿ ಹೋತು ಬಿಡಿ. ಮನುಷ್ಯ ಅಂದ್ಮೇಲೆ ತಪ್ಪಾಗತ್ತೆ. ನಾನೆಂತದೂ ಮನಸ್ಸಲ್ಲಿ ಇಟ್ಕಂಡಿಲ್ಲ."

ಅವರ ಕಣ್ಣು ತುಂಬಿತು. ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಕೈಗಳು ಅಷ್ಟು ಒರಟು ಎಂದು ನನಗೆ ಗೊತ್ತಿರಲಿಲ್ಲ.

ಹೆಂಡತಿ ಅವರಿಗೆ ಕಾಫಿ ತಂದುಕೊಟ್ಟಳು, ಕುಡಿಯುವವರೆಗೂ ಪಕ್ಕದಲ್ಲೇ ನಿಂತಳು. ನನ್ನ ಮುಖ ನೋಡುತ್ತಿದ್ದಳು, ಲೆಕ್ಕ ತಪ್ಪಿದ ಹುಡುಗನಿಗೆ ಇನ್ನೊಂದು ಅವಕಾಶ ಕೊಟ್ಟು ಕಾಯುವ ಹಾಗೆ. ಅವರು ಲೋಟ ಕೆಳಗಿಟ್ಟು, ಇವತ್ತು ಇನ್ನೊಂದು ಮನೆ ನೋಡುವುದಿದೆ ಎಂದು ಹೊರಟರು. ಮಂಡಿ ನೋವಿನ ಮನುಷ್ಯ, ಅಂಗಳ ದಾಟಿ ಗೇಟು ಮುಟ್ಟಲು ಬಹಳ ಹೊತ್ತು ಬೇಕಾಯಿತು. ಕರೆಯಬೇಕೆಂದಿದ್ದರೆ ನಾಲ್ಕು ಸಲ ಕರೆಯಬಹುದಿತ್ತು.